ಎರಡನೆಯ ಕ್ಲಾರಿನೆಟ್

ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿಯ ಮೇ ತಿಂಗಳಿನ ಕೊನೆಯ ಭಾನುವಾರ, ಕಂಪ್ಲಿಯ ಹೊಳೆದಂಡೆಯಲ್ಲಿ ಹೊಸದಾಗಿ ಕಟ್ಟಿದ ಶಾಲೆಯ ಅಂಗಳದಲ್ಲಿ, ಹದಿನೇಳು ವರ್ಷದ ಜಡೆಪ್ಪ ಹದಿನೆಂಟು ನಿಮಿಷ ಕ್ಲಾರಿನೆಟ್ ಊದಿದ. ಆ ಹದಿನೆಂಟು ನಿಮಿಷಗಳ ಹಿಂದೆ ನಲವತ್ತು ದಿನಗಳ ದುಡಿಮೆಯಿತ್ತು. ಹೊಸಪೇಟೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದು ಗೋದಾಮುಗಳು ಬರಿದಾಗುವ ಬೇಸಿಗೆಯಲ್ಲಿ, ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತರಾಗಿ ಊರಿಗೆ ಬಂದಿದ್ದ ಪಾಲಯ್ಯ ಮಾಸ್ತರರು ಕಾರ್ಮಿಕರ ಮಕ್ಕಳನ್ನು ಕಲೆಹಾಕಿ ವಾದ್ಯ ಕಲಿಸುತ್ತಿದ್ದರು. ಗೋದಾಮಿನ ನೆಲಕ್ಕೆ ಕಾಕಂಬಿಯ ಜಿಗುಟು, ಗೋಡೆಗೆ ಅದರ ಹುಳಿವಾಸನೆ. ತಗಡಿನ ಮಾಡು ಕಾಯುವುದಕ್ಕೆ ಮೊದಲೇ, ಬೆಳಗಿನ ಆರರಿಂದ ಹತ್ತರವರೆಗೆ ಪಾಠ. ಓದು ಬರೆಹ ಅಷ್ಟಕ್ಕಷ್ಟೇ ಇದ್ದ, ಚೀಲ ಹೊರುವ ಹಮಾಲನ ಮಗ ಜಡೆಪ್ಪ ಐದು ಗೆರೆಗಳ ಮೇಲೆ ಕುಳಿತ ಕರಿಕಾಳುಗಳಂಥ ಸ್ವರಲಿಪಿಯನ್ನು ಓದಲು ಕಲಿತದ್ದು ಅಲ್ಲಿಯೇ.

ಅಂದು ಕಾರ್ಯಕ್ರಮ ಮುಗಿದ ಮೇಲೆ ಮಾಸ್ತರರು ತಮ್ಮ ಸ್ವಂತ ಕ್ಲಾರಿನೆಟ್ಟನ್ನು, ಕೆಂಪು ಮಖಮಲ್ಲು ಹಾಸಿದ ಪೆಟ್ಟಿಗೆಯ ಸಮೇತ, ಜಡೆಪ್ಪನ ಕೈಯಲ್ಲಿಟ್ಟರು.

ಹೊಸಪೇಟೆಯ ಚಿತ್ತವಾಡ್ಗಿಯ ಜಡೆಪ್ಪನವರ ಮನೆಯಲ್ಲಿ ಈ ಕಥೆ ಕೇಳದೆ ಬೆಳೆದವರಿಲ್ಲ. ಮದುವೆಯ ಮಾತುಕತೆಗೆ ಬಂದ ಬೀಗರು ಕೇಳಿದ್ದರು, ಗ್ಯಾಸ್ ಸಿಲಿಂಡರ್ ತಂದವನೂ ಬಾಗಿಲಲ್ಲಿ ನಿಂತು ಕೇಳಿದ್ದನು. ಕೊನೆಯ ಮಾತು ಎಂದೂ ಬದಲಾಗುತ್ತಿರಲಿಲ್ಲ. "ಹದಿನೆಂಟು ನಿಮಿಷ! ತುಟಿಯಿಂದ ಕ್ಲಾರ್ನೆಟ್ ಇಳೀಲಿಲ್ಲ ನೋಡು. ಒಂದು ಗಳಿಗಿ ಬಾಯಿ ಖಾಲಿ ಬಿಡಲಿಲ್ಲ."

ಮುಂದೆ ನಲವತ್ತು ವರ್ಷ ಕಾರ್ಖಾನೆಯ ಬ್ಯಾಂಡಿನಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ಜಡೆಪ್ಪನವರು ಈ ಮಾತನ್ನೇ ವಿದ್ಯೆಯನ್ನಾಗಿ ಮಾಡಿಕೊಂಡರು. ಮೆರವಣಿಗೆಯಲ್ಲಿ ಕ್ಲಾರಿನೆಟ್ ನಿಂತರೆ ಜನರು ಎಲ್ಲವೂ ಮುಗಿಯಿತೆಂದು ಊಟದ ಪಂಕ್ತಿಗೆ ಓಡುತ್ತಾರೆ. ಆದುದರಿಂದ ಹಾಡಿನಲ್ಲಿ ಎಲ್ಲಿ ಸಂದು ಕಂಡರೂ ತುಂಬಬೇಕು. ಮೊಮ್ಮಗಳು ಸುಷ್ಮಿತಾಳಿಗೆ ಒಂಬತ್ತನೆಯ ವಯಸ್ಸಿನಿಂದ ಅವರು ಕಲಿಸಿದ್ದು ಇದನ್ನೇ.

ಈ ವರ್ಷ ಸುಷ್ಮಿತಾ ಹತ್ತನೆಯ ತರಗತಿ ಮುಗಿಸಿದ್ದಳು. ಅವಳ ತಂದೆ ತಿಪ್ಪೇಶ್ ಕಡ್ಡಿರಾಂಪುರದಲ್ಲಿ, ಹಂಪಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಖಾನಾವಳಿ ನಡೆಸುತ್ತಿದ್ದನು. ಚಳಿಗಾಲದಲ್ಲಿ ಅಲ್ಲಿ ಊಟಕ್ಕೆ ಬಂದ ಒಬ್ಬಾಕೆ ಹಿತ್ತಿಲಲ್ಲಿ ಕ್ಲಾರಿನೆಟ್ ಊದುತ್ತಿದ್ದ ಹುಡುಗಿಯನ್ನು ಕೇಳಿ, ರೊಟ್ಟಿಯನ್ನು ತಟ್ಟೆಯಲ್ಲಿಯೇ ಬಿಟ್ಟು ಎದ್ದು ಹೋಗಿ ಮಾತನಾಡಿಸಿದ್ದಳು. ಸಂಡೂರಿನ ಗುಡ್ಡದ ತಪ್ಪಲಿನ ಒಂದು ಶಾಲೆಯಲ್ಲಿ, ರಜೆಯ ಮೂರು ವಾರ, ವಾದ್ಯಮೇಳಗಳಲ್ಲಿ ನುಡಿಸಬಯಸುವ ಎಳೆಯರಿಗೆ ತರಬೇತಿ ಶಿಬಿರ; ಪಿಟೀಲು, ಚೆಲ್ಲೊ, ಕೊಳಲು, ಕ್ಲಾರಿನೆಟ್ಟುಗಳ ನಲವತ್ತು ಮಕ್ಕಳು; ಊಟ ವಸತಿ ಅವರದೇ. ಆಕೆಯೇ ಅಲ್ಲಿ ಕ್ಲಾರಿನೆಟ್ ಕಲಿಸುವ ಕಾವ್ಯ ಮೇಡಂ.

ಹೊರಡುವ ದಿನ ಅಡುಗೆಮನೆಯಲ್ಲಿ ಅಜ್ಜಿ ಹಂಪಮ್ಮನವರು ಕಟಕು ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದರು.

"ಲಾಭ... ಎರಡು... ಮೂರು..."

ಆ ಮನೆಯಲ್ಲಿ ಯಾವುದನ್ನು ಎಣಿಸಿದರೂ 'ಒಂದು' ಎಂಬ ಮಾತಿರಲಿಲ್ಲ. ಜೋಳ ಅಳೆದರೂ, ಕೊಡ ಎಣಿಸಿದರೂ ಮೊದಲನೆಯದು 'ಲಾಭ'ವೇ. ಜಡೆಪ್ಪನವರ ತಂದೆ ಗೋದಾಮಿನಲ್ಲಿ ಸಕ್ಕರೆಯ ಚೀಲಗಳನ್ನು ಹೀಗೆಯೇ ರಾಗವೆಳೆದು ಎಣಿಸುತ್ತಿದ್ದರು.

"ಮೂರು ವಾರ ಗಲ್ಲಾಕ್ಕ ಯಾರು ಕುಂದ್ರತಾರ? ನೀ ಕುಂದ್ರತೀ ಏನಪ್ಪ?" ಎಂದು ತಿಪ್ಪೇಶ್ ತಂದೆಯನ್ನು ಕೇಳಿದನು.

"ಕುಂದ್ರತೀನಿ. ಬಂದವ್ರಿಗೆ ಕಂಪ್ಲಿ ಕಥಿ ಹೇಳ್ತೀನಿ."

"ಬ್ಯಾಡ ಬಿಡು! ಇರೋ ಗಿರಾಕಿನೂ ಓಡಿ ಹೋಗ್ತಾವ."

ಒಲೆಯ ಮುಂದಿದ್ದ ಸೊಸೆ ಶೈಲಜಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ಮೇ ತಿಂಗಳ್ದಾಗ ಹಂಪಿಗೆ ಯಾರ್ ಬರ್ತಾರ್ರಿ? ಬಿಸಿಲಿಗೆ ಕಲ್ಲು ಒಡೀತಾವ. ಆಕಿ ಹೋಗ್ಲಿ."

"ಹೋಗ್ಲಿ, ಹೋಗ್ಲಿ," ಎಂದನು ತಿಪ್ಪೇಶ್. "ನನಗೂ ಕ್ಲಾರ್ನೆಟ್ ಊದು ಅಂತ ಹಿಂಗ ಅಂದಿದ್ರು. ಏಳನೇ ಕ್ಲಾಸಿನ್ಯಾಗ ತುಟಿ ಒಡದು ಅನ್ನಕ್ಕ ಉಪ್ಪಿನಕಾಯಿ ಮುಟ್ಟಂಗಿರಲಿಲ್ಲ. ಒಂದು ದಿನ ನಡುವ ಉಸಿರು ತಗಂಡೆ ಅಂತ ಇಡೀ ಓಣಿಗೆ ಕೇಳಂಗ ಬೈದ ನಮ್ಮಪ್ಪ."

"ಅದಕ್ಕ ನೀ ಖಾನಾವಳಿ ಇಟ್ಟಿ," ಎಂದರು ಜಡೆಪ್ಪನವರು.

"ಹೂಂ. ಇಲ್ಲಿ ನಡುವ ಉಸಿರು ತಗಂಡ್ರ ಯಾರೂ ಬೈಯಂಗಿಲ್ಲ."

ಬಸ್ ನಿಲ್ದಾಣದಲ್ಲಿ ಮಾಸ್ತರರ ಆ ಪೆಟ್ಟಿಗೆಯನ್ನು ಮೊಮ್ಮಗಳ ಮಡಿಲಿನಲ್ಲಿಟ್ಟು ಜಡೆಪ್ಪನವರು ಹೇಳಿದ್ದು ಒಂದೇ ಮಾತು. "ಬಾಯಿ ಖಾಲಿ ಬಿಡಬ್ಯಾಡ."

ನಾಲ್ಕನೆಯ ದಿನ ಫೋನು ಬಂದಿತು. ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಪುಂಡಿಪಲ್ಯ, ರೊಟ್ಟಿ, ಹಸಿ ಈರುಳ್ಳಿ. ಶೈಲಜಾ ಫೋನಿನ ಧ್ವನಿಯನ್ನು ಎಲ್ಲರಿಗೂ ಕೇಳಿಸುವಂತೆ ಏರಿಸಿದಳು. ಊದುವ ವಾದ್ಯಗಳ ಎಂಟು ಮಂದಿಯ ಒಂದು ಚಿಕ್ಕ ಮೇಳ ಮಾಡಿದ್ದಾರೆಂದೂ, ಅದರಲ್ಲಿ ತನ್ನದು ಎರಡನೆಯ ಕ್ಲಾರಿನೆಟ್ ಎಂದೂ ಸುಷ್ಮಿತಾ ಹೇಳಿದಳು.

"ಎರಡನೇದು ಅಂದ್ರ?" ಎಂದರು ಜಡೆಪ್ಪನವರು.

"ಮೊದಲನೇದು ಬೆಂಗಳೂರು ಹುಡುಗ ಊದ್ತಾನ ತಾತ. ನಂದು ಕೆಳಗಿನ ದನಿ. ಭಾಳ ಕಡೆ ಸುಮ್ನ ಕುಂದ್ರಬೇಕು."

ಜಡೆಪ್ಪನವರು ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದರು. "ಸುಮ್ನ ಕುಂದ್ರಾಕ ಸಂಡೂರಿಗ್ಯಾಕ ಹೋಗಬೇಕಿತ್ತು? ಈ ಮನಿಯಾಗ ಎರಡನೇದು ಯಾರೂ ಊದಿಲ್ಲ."

ಹಂಪಮ್ಮನವರು ತಲೆಯೆತ್ತಿ ಪತಿಯನ್ನು ನೋಡಿದರು; ಅವರ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದರು.

ಎರಡನೆಯ ವಾರದ ಗುರುವಾರ ಜಡೆಪ್ಪನವರು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಶೇಂಗಾ ಚಟ್ನಿಯ ಡಬ್ಬಿ ಹಿಡಿದು, ಯಾರಿಗೂ ಹೇಳದೆ ಸಂಡೂರಿನ ಬಸ್ಸು ಹತ್ತಿದರು. ಶಾಲೆಯ ಹೆಂಚುಗಳ ಮೇಲೆ ಗಣಿಯ ಕೆಂಪು ಧೂಳು ಕುಳಿತಿತ್ತು; ಒಳಗಿನಿಂದ ಮಾತ್ರ ತೊಳೆದಿಟ್ಟಂತೆ ನಿರ್ಮಲವಾದ ನಾದ ಬರುತ್ತಿತ್ತು. ಒಂದೊಂದು ಕೋಣೆಯಲ್ಲಿ ಒಂದೊಂದು ಗುಂಪು. ಆ ಪಡಸಾಲೆಯಲ್ಲಿ ನಡೆಯುವಾಗ ಜಡೆಪ್ಪನವರಿಗೆ ಐವತ್ತು ವರ್ಷಗಳ ಹಿಂದಿನ ಗೋದಾಮು ನೆನಪಾಯಿತು. ಕಾಕಂಬಿಯ ವಾಸನೆಯೊಂದಿರಲಿಲ್ಲ. ಮಕ್ಕಳ ಬೆವರು, ಊದುಬಾಯಿಯ ರೀಡುಪಟ್ಟಿ ತೇವಗೊಂಡ ವಾಸನೆ, ತಪ್ಪಿದಲ್ಲಿಂದ ಮತ್ತೆ ಮತ್ತೆ ಮೊದಲಾಗುವ ಅದೇ ನಾಲ್ಕು ಸ್ವರಗಳು, ಎಲ್ಲವೂ ಇದ್ದವು. ಅವರ ಹೆಜ್ಜೆ ತಾನಾಗಿಯೇ ಹಗುರಾಯಿತು.

ಎಂಟು ಮಕ್ಕಳು ಅರೆವೃತ್ತದಲ್ಲಿ ಕುಳಿತಿದ್ದರು. ಜಡೆಪ್ಪನವರು ಹಿಂದಿನ ಬೆಂಚಿನ ಮೇಲೆ ಕುಳಿತರು. ಕೊಳಲು ಸಣ್ಣಗೆ ಒಂದು ರಾಗವನ್ನು ಎತ್ತಿಕೊಂಡಿತು. ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದ ಸುಷ್ಮಿತಾ, ಸಂದು ಕಂಡೊಡನೆ ಗಟ್ಟಿಯಾಗಿ ಅದೇ ರಾಗವನ್ನು ಊದುತ್ತ ನುಗ್ಗಿದಳು.

"ಹಾಂ! ಹಂಗ!" ಎಂದರು ಜಡೆಪ್ಪನವರು.

ಕಾವ್ಯ ಮೇಡಂ ಕೈಯೆತ್ತಿ ನಿಲ್ಲಿಸಿದಳು. "ಸುಷ್ಮಿತಾ, ಮತ್ತೆ ಅದೇ. ಅಲ್ಲಿ ಇಪ್ಪತ್ತನಾಲ್ಕು ಎಣಿಕೆ ನಿನಗೆ ಬಿಡುವು. ಬಾಯಿಂದ ತೆಗೆದು ತೊಡೆ ಮೇಲೆ ಇಟ್ಟುಕೋ ಅಂದಿದ್ದೆ."

"ಮೇಡಂ, ಆಕಿ ತಪ್ಪೇನ್ ಮಾಡ್ಯಾಳ?" ಎಂದು ಜಡೆಪ್ಪನವರು ಎದ್ದು ನಿಂತರು. "ಖಾಲಿ ಜಾಗ ಇತ್ತು, ತುಂಬ್ಯಾಳ."

"ಅದು ಖಾಲಿ ಜಾಗ ಅಲ್ಲ ಸರ್. ಅಲ್ಲಿ ಕೊಳಲಿದೆ. ಇವಳು ಊದಿದರೆ ಕೊಳಲು ಯಾರಿಗೂ ಕೇಳುವುದಿಲ್ಲ."

"ನೀವಿನ್ನೂ ಸಣ್ಣಾಕಿ. ನಾ ಒಂದು ಮಾತು ಹೇಳ್ತೀನಿ, ಕೇಳ್ರಿ. ಎಪ್ಪತ್ತೊಂದರಾಗ ಕಂಪ್ಲಿಯೊಳಗ..."

ಅವರು ಕಥೆಯನ್ನು ಪೂರ್ತಿ ಹೇಳಿದರು. ಮಕ್ಕಳು ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ ಕೊಳಲಿನ ಹುಡುಗಿ ನಿಜವಾದ ಕುತೂಹಲದಿಂದಲೇ ಕೇಳಿದಳು, "ತಾತ, ಹದಿನೆಂಟು ನಿಮಿಷ ಬಾಯಿಂದ ತೆಗೆಯದೆ ಊದಿದಿರಾ? ಒಂದು ಸಲವೂ ನಿಲ್ಲಲಿಲ್ಲವಾ?"

ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಜಡೆಪ್ಪನವರು ಚಟ್ನಿಯ ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿ, "ಆಗಿನ ಮಂದಿ ಹಂಗಿದ್ರವ್ವ," ಎಂದರು. ಸುಷ್ಮಿತಾ ನೆಲವನ್ನೇ ನೋಡುತ್ತಿದ್ದಳು.

ಹೊರಗೆ ಬೇವಿನ ಮರದ ಕೆಳಗೆ ಕಾವ್ಯ ಮೇಡಂ ಮೆಲ್ಲಗೆ ಹೇಳಿದಳು, "ಅವಳ ನಾದ ನನ್ನ ಹತ್ತಿರ ಬಂದ ಯಾರಿಗೂ ಇಲ್ಲ ಸರ್. ಕಲಿಸಿದವರು ನೀವು, ಕೈ ಮುಗಿಯುತ್ತೇನೆ. ಆದರೆ ಸುಮ್ಮನಿರುವುದು ಅವಳಿಗೆ ಬರುತ್ತಿಲ್ಲ. ಮುಂದಿನ ಭಾನುವಾರವಲ್ಲ, ಅದರ ಮುಂದಿನದಕ್ಕೆ ಸಮಾರೋಪ. ಈ ಸೋಮವಾರದ ಅಭ್ಯಾಸದಲ್ಲಿಯೂ ಹೀಗೇ ಆದರೆ ಆ ಕುರ್ಚಿಗೆ ಬೇರೆಯವರನ್ನು ಕೂರಿಸಬೇಕಾಗುತ್ತದೆ."

"ಎರಡನೇ ಕುರ್ಚಿಗೆ ಇಷ್ಟು ಬಿಂಕ ಏನ್ರಿ?" ಎಂದು ಜಡೆಪ್ಪನವರು ನಡೆದೇಬಿಟ್ಟರು. ಗೇಟಿನವರೆಗೆ ಓಡಿಬಂದ ಸುಷ್ಮಿತಾಳ ಕಣ್ಣುಗಳು ತುಂಬಿದ್ದವು.

"ನೀ ಯಾಕ ಬಂದಿ ತಾತ?"

ಅದಕ್ಕೆ ಅವರು ಚಟ್ನಿಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟರು.

ಶನಿವಾರ ಸಂಜೆ ಸುಷ್ಮಿತಾ ವಾರದ ರಜೆಗೆಂದು ಮನೆಗೆ ಬಂದಳು. ಕೈಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆಯಿತ್ತು. ಹಾಸಿಗೆ, ಚೊಂಬು, ಬಟ್ಟೆಯ ಚೀಲವೂ ಇದ್ದವು. ರಜೆಗೆ ಬರುವವರು ಚೊಂಬು ತರುವುದಿಲ್ಲವೆಂಬುದನ್ನು ಮೊದಲು ಗಮನಿಸಿದವಳು ಶೈಲಜಾ.

"ನಾ ಮತ್ತ ಹೋಗಂಗಿಲ್ಲಮ್ಮ," ಎಂದಳು ಹುಡುಗಿ.

ಮರುದಿನದ ಊಟಕ್ಕೆ ಎಣ್ಣೆಗಾಯಿ ಮಾಡಿದ್ದರು. ಮಗಳಿಗೆ ಇಷ್ಟವೆಂದು ಮಾಡಿದ್ದನ್ನು ಮಗಳು ಮುಟ್ಟಲಿಲ್ಲ.

"ಚಲೋ ಆತು ಬಿಡು," ಎಂದನು ತಿಪ್ಪೇಶ್. "ನಾಳಿಂದ ಗಲ್ಲಾಕ್ಕ ಬಾ."

"ನೀವು ಸುಮ್ನಿರ್ರಿ," ಎಂದು ಶೈಲಜಾ ಗದರಿದಳು. "ಎರಡು ವಾರಕ್ಕ ಸೋತು ಬಂದ್ರ ಆಕಿ ಜೀವನದಾಗ ಮತ್ತ ಎಲ್ಲಿಗೂ ಹೋಗಂಗಿಲ್ಲ. ನಾಳೆ ಮುಂಜಾನಿ ಎಬ್ಬಿಸಿ ಕಳಸ್ತೀನಿ ನೋಡ್ರಿ."

"ಕಳಸಬ್ಯಾಡವ್ವ," ಎಂದರು ಜಡೆಪ್ಪನವರು. "ಎರಡನೇ ಜಾಗಕ್ಕ ಕುಂದ್ರಿಸಿ, ಮ್ಯಾಲ ಬಾಯಿ ಮುಚ್ಚು ಅಂತಾರ. ಮಾನ ಇದ್ದವ್ರು ಅಲ್ಲಿ ಯಾಕ ಇರಬೇಕು? ನಾ ಎಂದೂ ನಿಂತಾವಲ್ಲ. ಆಕೀನೂ ನಿಲ್ಲಂಗಿಲ್ಲ."

"ನಿಲ್ಲಾಕ ಬರ್ತೈತಿ ನನಗ!" ಎಂದಳು ಸುಷ್ಮಿತಾ, ಅಳುವನ್ನು ನುಂಗುತ್ತ. "ತಿರುಗಿ ಶುರು ಮಾಡಾಕ ಬರವಲ್ದು. ಸುಮ್ನ ಕುಂತ್ರ ಎದಿ ಡವಡವ ಅಂತತಿ. ಎಲ್ಲಿ ಬಿಟ್ಟೆ, ಎಲ್ಲಿ ಸೇರಬೇಕು ಗೊತ್ತಾಗಂಗಿಲ್ಲ. ಅದಕ್ಕ ಹೆದರಿ ಊದಿಬಿಡ್ತೀನಿ. ನಿನಗ ಎಂದೂ ಹಂಗ ಆಗಿಲ್ಲ ತಾತ, ನಿನಗೇನ್ ಗೊತ್ತು?"

ಹಂಪಮ್ಮನವರು ಮಜ್ಜಿಗೆ ಬಡಿಸುತ್ತಿದ್ದರು. ಸೌಟನ್ನು ಪಾತ್ರೆಯಲ್ಲಿಯೇ ಬಿಟ್ಟು ಕೇಳಿದರು, "ಸುಂಕಪ್ಪ ಈಗೆಲ್ಲಿ ಅದಾನ್ರಿ?"

"ಯಾವ ಸುಂಕಪ್ಪ?"

"ಬಂಡ್ರಿ ಸುಂಕಪ್ಪ. ಕಂಪ್ಲಿಯೊಳಗ ನಿಮ್ಮ ಮಗ್ಗಲಕ್ಕ ನಿಂತು ಎರಡನೇ ಕ್ಲಾರ್ನೆಟ್ ಊದಿದಾವ."

ಆ ಹೆಸರು ಆ ಮನೆಯಲ್ಲಿ ಅದುವರೆಗೆ ಕೇಳಿಬಂದಿರಲಿಲ್ಲ.

"ನಾನೂ ಅವತ್ತು ಅಲ್ಲಿದ್ದೆ," ಎಂದು ಹಂಪಮ್ಮನವರು ಸೊಸೆಯ ಕಡೆಗೆ ತಿರುಗಿ ಮುಂದುವರಿಸಿದರು. "ನಮ್ಮೂರ ಸಾಲಿ ಅಲ್ವಾ ಅದು. ಆರನೇ ಕ್ಲಾಸಿನ್ಯಾಗಿದ್ದೆ. ಸ್ವಾಗತದ ಹಾಡು ಹಾಡಾಕ ಮುಂದಿನ ಸಾಲಿನಾಗ ಕುಂದ್ರಿಸಿದ್ರು. ನಡುವ ಒಂದು ಕಡೆ ಉಳಿದವ್ರೆಲ್ಲ ಸುಮ್ನಾಗಿ ಎರಡು ಕ್ಲಾರ್ನೆಟ್ಟು, ಒಂದು ಡ್ರಮ್ಮು ಅಷ್ಟ ಬಾರಸ್ತಿದ್ರು. ಇವ್ರು ನಿಂತ್ರು. ಬಾಯಿಂದ ಇಳಿಸಿ ಕರ್ಚೀಪು ತಗದು ತುಟಿ ಒರಸಿಕೊಂಡ್ರು. ಕರ್ಚೀಪು ಕೆಂಪಗಾಗಿತ್ತು. ಆಮ್ಯಾಲ ಮತ್ತ ಊದಿದ್ರು."

"ಐವತ್ತು ವರ್ಷದ ಮ್ಯಾಲಾತು ಅತ್ತಿ! ಒಂದು ದಿನಾನೂ ಹೇಳಲಿಲ್ಲಲ್ಲ?"

"ಯಾರ್ ಕೇಳಿದ್ರು? ಅವ್ರು ಚಲೋ ಹೇಳ್ತಿದ್ರು, ಕೇಳ್ಕೊಂತ ಇದ್ದೆ." ಹಂಪಮ್ಮನವರು ಮತ್ತೆ ಸೌಟನ್ನು ಎತ್ತಿಕೊಂಡರು. "ಮತ್ತ ನನಗ ಆವಾಗ ಅದು ತಪ್ಪು ಅಂತ ಗೊತ್ತಾಗಲಿಲ್ಲ. ಹಾಡಾ ಹಂಗೈತಿ ಅಂತ ತಿಳಕಂಡಿದ್ದೆ. ಭಾಳ ಚಂದ ಇತ್ತು ಆ ಜಾಗ."

ಜಡೆಪ್ಪನವರು ಮಜ್ಜಿಗೆಯನ್ನು ಕುಡಿಯದೆ ಎದ್ದು ಕೈ ತೊಳೆದರು. ಆ ಇಡೀ ಮಧ್ಯಾಹ್ನ ಅವರು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಸಂಜೆಯ ಚಹಾ ಆರಿ ಹೋಯಿತು.

ಸೋಮವಾರ ನಲ್ಲಿಯ ನೀರು ಬರುವ ದಿನ. ಬೆಳಗಿನ ಐದೂವರೆಗೆ ಬೀದಿಯಲ್ಲೆಲ್ಲ ಕೊಡಗಳ ಸದ್ದು. ಪ್ರತಿಸಲದಂತೆ ಸುಷ್ಮಿತಾ ನಲ್ಲಿಯ ಕೆಳಗೆ ಕೊಡ ಹಿಡಿದಳು, ಜಡೆಪ್ಪನವರು ಮೆಟ್ಟಿಲ ಮೇಲೆ ಕುಳಿತು ಎಣಿಸಿದರು.

"ಲಾಭಾ..." ಎಂದು ಎಳೆದು, ಎರಡನೆಯ ಕೊಡದ ಬಳಿಗೆ ಬರುವ ಮೊದಲೇ ಹೇಳಿದರು, "ನಿಮ್ಮಜ್ಜಿ ಹೇಳಿದ್ದು ಖರೆ. ನಿಂತೆ ನಾನು."

ಸುಷ್ಮಿತಾ ತುಂಬಿ ಹರಿಯುತ್ತಿದ್ದ ಕೊಡವನ್ನು ಸರಿಸುವುದನ್ನೂ ಮರೆತಳು.

"ತುಟಿ ಒಡೀತು. ರಕ್ತಕ್ಕ ಜಾರಾಕ ಹತ್ತಿತು. ಇಳಿಸಿದೆ. ಇಳಿಸಿದ ಮ್ಯಾಲ ಕಣ್ಣಿಗೆ ಕತ್ತಲಿ ಬಂತು. ಎಲ್ಲಿ ಸೇರಬೇಕು? ಆವಾಗ ನಮ್ಮಪ್ಪನ ದನಿ ಕೇಳಿಸ್ತು, ಗೋದಾಮಿನಾಗಿನ ದನಿ. ಲಾಭಾ... ಎರಡೂ... ಅವ ಚೀಲ ಹೊತ್ತಾಗ ಎಣಿಕಿ ತಪ್ಪಿದಾವಲ್ಲ. ಮೈಮ್ಯಾಲ ನೂರು ಕಿಲೋ ಇದ್ರೂ ತಪ್ಪತಿರಲಿಲ್ಲ. ನಾನೂ ಹಂಗ ಎಣಿಸಿದೆ. ಮೂವತ್ತೆರಡಕ್ಕ ಆ ತುಕಡಿ ಮುಗೀತತಿ ಅಂತ ಗೊತ್ತಿತ್ತು. ಮುಗಿದ ಕೂಡ್ಲೇ ಸೇರಿದೆ. ಕೂದಲೆಳಿಯಷ್ಟೂ ಆಚೀಚಿ ಆಗಲಿಲ್ಲ."

"ಮತ್ತ ನಿಲ್ಲಲಿಲ್ಲ ಅಂತ ಯಾಕ ಹೇಳ್ತಿದ್ದಿ?"

ಮುದುಕರು ಬೀದಿಯ ಕೊನೆಯನ್ನು ನೋಡಿದರು. "ಮೊದಲು ಹೇಳಿದ್ದು ನಾನಲ್ಲ. ನಮ್ಮಪ್ಪ. ಅವಂಗ ಹಾಡು ತಿಳೀತಿರಲಿಲ್ಲ. ಮರುದಿನ ನನ್ನನ್ನ ತನ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಗೋದಾಮು ಸುತ್ತಿದ, ಹದಿನೇಳು ವರ್ಷದಾವನ್ನ! 'ನನ್ನ ಮಗ ಹದಿನೆಂಟು ನಿಮಿಷ ನಿಲ್ಲಲಿಲ್ಲ ನೋಡ್ರಲೇ' ಅಂತ ಹಮಾಲರಿಗೆಲ್ಲ ಹೇಳಿದ. ಅವ ಅಷ್ಟು ನಕ್ಕಿದ್ದನ್ನ ನಾ ಕಂಡಿದ್ದಿಲ್ಲ. ಅಲ್ಲ ಅಪ್ಪ ಅಂತ ಹೆಂಗ ಅನ್ನಲಿ? ಆಮ್ಯಾಲ ಅದಾ ರೂಢಿ ಆತು." ಮೊಮ್ಮಗಳ ಕಡೆಗೆ ತಿರುಗಿ ಸೇರಿಸಿದರು, "ಮಾಸ್ತರು ಪೆಟ್ಟಿಗಿ ಕೊಡುವಾಗ ಕಿವ್ಯಾಗ ಏನಂದ್ರು ಗೊತ್ತೇನು? 'ಊದಿದ್ದಕ್ಕಲ್ಲಲೇ ಜಡಿ. ಸರಿ ಜಾಗಕ್ಕ ತಿರುಗಿ ಬಂದ್ಯಲ್ಲ, ಅದಕ್ಕ.' ಅದನ್ನ ನಿನಗ ಕಲಿಸಬೇಕಿತ್ತು ನಾನು. ನಿಮ್ಮಪ್ಪಗೂ ಕಲಿಸಬೇಕಿತ್ತು. ಪೆಟ್ಟಿಗಿ ತಗಂಡು ಬಾ."

ಹುಡುಗಿ ಕ್ಲಾರಿನೆಟ್ ತಂದು ಮೆಟ್ಟಿಲ ಮೇಲೆ ಕುಳಿತಳು. ನಾಲ್ಕು ಸ್ವರ ಊದಿ ವಾದ್ಯವನ್ನು ತೊಡೆಯ ಮೇಲಿಟ್ಟಳು. ನಲ್ಲಿಯ ನೀರು ಬೀಳುತ್ತಿತ್ತು. ಜಡೆಪ್ಪನವರು ಕೊಳಲಿನ ಭಾಗವನ್ನು ಬಾಯಿಯಲ್ಲಿಯೇ ಗುನುಗಿದರು. ಅವಳು ಎತ್ತಿಕೊಂಡಳು.

"ನಾಲ್ಕು ಎಣಿಕಿ ಮುಂಚೇನ ಬಂದಿ," ಎಂಬ ಧ್ವನಿ ಹಿಂದಿನಿಂದ ಬಂದಿತು. ತಿಪ್ಪೇಶ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದನು.

"ನೀನೂ ಎಣಿಸಿದೇನಲೇ?" ಎಂದರು ಜಡೆಪ್ಪನವರು.

"ಕಿವಿ ಅದಾವಲ್ಲ, ಕೇಳಿಸ್ತು." ಅವನು ನೊರೆ ಉಗುಳಿ, ಖಾಲಿ ಕೊಡವೊಂದನ್ನು ಬೋರಲು ಹಾಕಿ ಅದರ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದನು. "ಹೂಂ, ಇನ್ನೊಮ್ಮೆ. ಲಾಭಾ..."

ಏಳನೆಯ ಸಲಕ್ಕೆ ಅವಳು ಸರಿಯಾದ ಜಾಗಕ್ಕೆ ಬಂದು ಸೇರಿದಳು. ಎಂಟನೆಯ ಸಲಕ್ಕೂ. ಪಕ್ಕದ ಮನೆಯ ಕೊಟ್ರಮ್ಮ ಕೊಡ ಇಳಿಸಿ, "ನಿಮ್ಮ ಮನಿಯಾಗ ನೀರು ಹಿಡಿಯಾಕೂ ಬ್ಯಾಂಡ್ ಬೇಕೇನ್ರಿ?" ಎಂದು ಕೇಳಿದಳು. ಅಂದು ಎರಡು ಕೊಡ ಕಡಿಮೆಯಾದವು. ಶೈಲಜಾ ಅದನ್ನು ಎತ್ತಿ ಆಡಲಿಲ್ಲ. ಎಂಟು ಗಂಟೆಗೆ ತಿಪ್ಪೇಶನೇ ಖಾನಾವಳಿಯ ಟಾಟಾ ಏಸ್ ಗಾಡಿಯಲ್ಲಿ ಹಾಸಿಗೆ, ಚೊಂಬು, ಮಗಳು ಎಲ್ಲವನ್ನೂ ಹೇರಿಕೊಂಡು ಸಂಡೂರಿಗೆ ಹೊರಟನು. ಅಂದು ಸಂಜೆ ಬಂದ ಫೋನಿನಲ್ಲಿ ಸುಷ್ಮಿತಾ ಹೇಳಿದ್ದು ಇಷ್ಟೇ: "ಕುರ್ಚಿ ನಂದಾ ಐತಿ."

ಸಮಾರೋಪದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ಖಾನಾವಳಿಗೆ ಬೀಗ ಹಾಕಿ ಮನೆಯವರೆಲ್ಲ ಹೋಗಿದ್ದರು. ಎಂಟು ಮಕ್ಕಳು ಬಂದು ಕುಳಿತರು. ಮೇಳ ಶುರುವಾಗಿ ಸ್ವಲ್ಪ ಹೊತ್ತಿಗೆ ಸುಷ್ಮಿತಾ ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟಳು. ಕೊಳಲು ಒಂಟಿಯಾಗಿ, ತೆಳುವಾಗಿ, ಇಡೀ ಸಭಾಂಗಣದಲ್ಲಿ ಕೇಳಿಸಿತು. ಹುಡುಗಿಯ ತುಟಿಗಳು ಸಣ್ಣಗೆ ಅಲುಗಿದವು. ಆ ಎಣಿಕೆಯ ಮೊದಲನೆಯ ಮಾತು ಏನೆಂಬುದು ಆ ಸಭೆಯಲ್ಲಿ ನಾಲ್ಕು ಜನರಿಗೆ ಮಾತ್ರ ತಿಳಿದಿತ್ತು. ಜಡೆಪ್ಪನವರ ಬೆರಳು ಮೊಣಕಾಲಿನ ಮೇಲೆ ಎಣಿಸುತ್ತಿತ್ತು. ಪಕ್ಕದಲ್ಲಿ ತಿಪ್ಪೇಶನ ಬೆರಳೂ ಎಣಿಸುತ್ತಿತ್ತು. ಇಪ್ಪತ್ತನಾಲ್ಕು ಮುಗಿದೊಡನೆ ಮೊದಲನೆಯ ಕ್ಲಾರಿನೆಟ್ಟಿನ ಕೆಳಗೆ, ಹೊರೆ ಹೊತ್ತವನಿಗೆ ಇನ್ನೊಬ್ಬನು ಹೆಗಲು ಕೊಟ್ಟಂತೆ, ಎರಡನೆಯದು ಬಂದು ಕೂಡಿತು.

ಯಾರೂ ಅದಕ್ಕೆಂದು ಚಪ್ಪಾಳೆ ತಟ್ಟಲಿಲ್ಲ. ಅಲ್ಲಿ ಒಬ್ಬರು ಸೇರಿಕೊಂಡರೆಂಬುದೇ ಬಹಳ ಜನರಿಗೆ ತಿಳಿಯಲಿಲ್ಲ. ಹಂಪಮ್ಮನವರು ಮಾತ್ರ ಪತಿಯ ಕಡೆಗೆ ಬಾಗಿ, "ಹಿಂಗಾ ಇತ್ತು ನೋಡ್ರಿ," ಎಂದರು.

ಗಾಡಿ ಹತ್ತುವಾಗ ಜಡೆಪ್ಪನವರು ಹೇಳಿದರು, "ಬಂಡ್ರಿಗೆ ಹೋಗಿ ಹೋಗೋಣ."

"ಅದು ನಮ್ಮ ದಾರ್ಯಾಗಿಲ್ಲಲ್ಲಪ್ಪ."

"ಇಲ್ಲ. ಅದಕ್ಕ ಇಷ್ಟು ವರ್ಷ ಹೋಗಿಲ್ಲ."

ಬಂಡ್ರಿಯಲ್ಲಿ ಸುಂಕಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಕುಳಿತಿದ್ದ ಮುದುಕನ ಬಲಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಗಣಿಯಲ್ಲಿ ಕಲ್ಲು ಒಡೆಯುವ ಕೆಲಸದಲ್ಲಿ ಪೆಟ್ಟಾಗಿ ಬಹಳ ವರ್ಷಗಳಾಗಿದ್ದವು. ಅವನು ಹಣೆಗೆ ಕೈ ಹಿಡಿದು ನೋಡಿದನು.

"ಯಾರು?"

"ನಾನಲೇ. ಸಕ್ಕರಿ ಫ್ಯಾಕ್ಟ್ರಿ ಜಡಿ."

"ಜಡಿ!" ಮುದುಕ ಬಾಯ್ತುಂಬ ನಕ್ಕನು. "ಐವತ್ತು ವರ್ಷಕ್ಕ ದಾರಿ ಸಿಕ್ತೇನಲೇ? ದ್ಯಾಮೀ, ಮಂದಿ ಬಂದಾರ, ನೀರು ಕೊಡು. ಬರ್ರಿ, ಕುಂದ್ರಿ, ಕುಂದ್ರಿ."

ಅವನ ಹೆಂಡತಿ ದ್ಯಾಮಕ್ಕ ನೀರು, ಬೆಲ್ಲ ತಂದಿಟ್ಟಳು. ಶೈಲಜಾ ಕಟ್ಟಿ ತಂದಿದ್ದ ರೊಟ್ಟಿಯ ಗಂಟನ್ನು ಬಿಚ್ಚಿದಳು. ಊಟದ ನಡುವೆ ಜಡೆಪ್ಪನವರು ಕಂಪ್ಲಿಯ ಆ ದಿನವನ್ನು ಎತ್ತಿಕೊಂಡರು. ಈ ಸಲ ತುಟಿ ಒಡೆದುದನ್ನೂ, ವಾದ್ಯ ಇಳಿಸಿದುದನ್ನೂ, ಮೂವತ್ತೆರಡು ಎಣಿಕೆಯವರೆಗೆ ತಾವು ಮೂಕರಾಗಿ ನಿಂತುದನ್ನೂ ಹೇಳಿದರು.

"ಅಷ್ಟು ಹೊತ್ತು ನೀನೊಬ್ಬನ ಊದಿದಿ ಸುಂಕ. ನೀ ನಿಂತಿದ್ರ ಎಲ್ಲಾ ಮುಗೀತಿತ್ತು. ಪೆಟ್ಟಿಗಿ ನನಗ ಬಂತು. ನಿನ್ನ ಹೆಸರು ನಾ ಯಾರ ಮುಂದೂ ಎತ್ತಲಿಲ್ಲ."

ಸುಂಕಪ್ಪ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದನು.

"ನಾನೊಬ್ನಾ?"

"ನೀನೊಬ್ನ."

"ಏ, ಹೋಗಲೇ! ನಾ ಹೆದರಿ ಕಣ್ಣು ಮುಚ್ಚಿದ್ದೆ. ಆ ಡ್ರಮ್ಮಿನಾವ ನನ್ನ ಕಿವಿ ಬಾಜೂಕ ನಿಂತು ಬಡೀತಿದ್ದ. ನನಗೇನೂ ಕೇಳಿಸ್ತಿರಲಿಲ್ಲ. ನೀ ಊದ್ತಿದ್ದಿ ಅಂತ ನಾ ಊದೀನಿ. ನೀ ನಿಂತಿದ್ದು ಗೊತ್ತಾಗಿದ್ರ ನಾನೂ ನಿಂತುಬಿಡ್ತಿದ್ನಲೇ!"

ತಿಪ್ಪೇಶ್ ನಕ್ಕನು, ಶೈಲಜಾ ನಕ್ಕಳು, ಜಡೆಪ್ಪನವರೂ ಕೆಮ್ಮು ಬರುವಷ್ಟು ನಕ್ಕರು. ಆದರೆ ಸುಂಕಪ್ಪನ ನಗು ಎಲ್ಲರಿಗಿಂತ ಮೊದಲೇ ಮುಗಿಯಿತು. ಅವನು ಮಡಚದ ಬೆರಳುಗಳ ಕೈಯನ್ನು ಮುಂದೆ ಚಾಚಿ, ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡನು.

"ಅಷ್ಟು ಮಂದಿಗೆ... ನಾನೊಬ್ನ ಕೇಳಿಸಿದ್ನಾ?"

"ಕೇಳಿಸಿದ್ರಿ ಅಣ್ಣ," ಎಂದರು ಹಂಪಮ್ಮನವರು. "ಮುಂದಿನ ಸಾಲಿನಾಗ ನಾನಿದ್ದೆ."

ಬೇವಿನ ಹೂವು ಊಟದ ತಟ್ಟೆಗಳ ಮೇಲೆ ಉದುರುತ್ತಿತ್ತು. ಯಾರೂ ಅದನ್ನು ತೆಗೆಯಲಿಲ್ಲ. ಮಡಿಲಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದ ಸುಷ್ಮಿತಾ, ಸುಂಕಪ್ಪನ ಹೊರಸಿನ ಹತ್ತಿರಕ್ಕೆ ಸರಿದು, ಪೆಟ್ಟಿಗೆಯನ್ನು ಅವನ ಪಕ್ಕದಲ್ಲಿಟ್ಟು ಮುಚ್ಚಳ ತೆರೆದಳು. ಕೆಂಪು ಮಖಮಲ್ಲು ಅಂಚಿನಲ್ಲಿ ಸವೆದಿತ್ತು. ಮುದುಕ ವಾದ್ಯವನ್ನು ಮುಟ್ಟಲಿಲ್ಲ. ಮಖಮಲ್ಲನ್ನು ಮಾತ್ರ ಒಮ್ಮೆ ಸವರಿದನು.

"ತಾತಾ," ಎಂದಳು ಹುಡುಗಿ, ಜಡೆಪ್ಪನವರ ಕಡೆಗೆ ತಿರುಗಿ, "ಇನ್ನೊಮ್ಮೆ ಹೇಳು. ಮೊದಲಿಂದ ಹೇಳು. ಈ ತಾತ ಎಲ್ಲಿ ನಿಂತಿದ್ರು, ಅಲ್ಲಿಂದ."